ಮೂರು ತಿಂಗಳ ನೋಟಿಸು

ವೈಟ್‌ಫೀಲ್ಡ್ ಕಡೆ ಮನೆ ನೋಡಲು ಹೋದವರು ಬಾಡಿಗೆ, ಅಡ್ವಾನ್ಸು ವಿಚಾರಿಸುವ ಮುಂಚೆಯೇ ಕೇಳುವ ಪ್ರಶ್ನೆ: ‘ನೀರು ಕಾವೇರಿನಾ, ಬೋರಾ, ಟ್ಯಾಂಕರಾ?’ ಕುಡಿಯುವುದಕ್ಕಲ್ಲ; ಅದಕ್ಕೆ ಹೇಗೂ ಕ್ಯಾನ್ ಬರುತ್ತದೆ. ತಲೆಗೆ ಹಾಕಿಕೊಳ್ಳಲಿಕ್ಕೆ. ಕಾಡುಗೋಡಿಯಿಂದ ವರ್ತೂರಿನವರೆಗೆ ಉದುರುವ ಪ್ರತಿ ಕೂದಲಿಗೂ ಬೋರ್‌ವೆಲ್ ನೀರೇ ಹೊಣೆ ಎಂದು ಇಲ್ಲಿನವರು ತೀರ್ಮಾನಿಸಿ ಬಹಳ ಕಾಲವಾಯಿತು. ಎಲೆಕ್ಟ್ರಾನಿಕ್ ಸಿಟಿಯಲ್ಲೂ ಇದೇ ಮಾತು. ನಾನು ಲೇತ್ ಮುಂದೆ ನಿಂತು ದುಡಿದ ಪೀಣ್ಯದಲ್ಲಿ ಮಾತ್ರ ತಪ್ಪೆಲ್ಲ ಹೆಲ್ಮೆಟ್ಟಿನದು. ನಮ್ಮ ಫೋರ್‌ಮನ್ ಜೀವನವಿಡೀ ಬಿಟಿಎಸ್ ಬಸ್ಸಿನಲ್ಲಿ ಓಡಾಡಿದವರು, ಹೆಲ್ಮೆಟ್ ಮುಟ್ಟಿದವರಲ್ಲ; ಶೆಡ್ಡಿನಲ್ಲಿ ಎಲ್ಲರಿಗಿಂತ ನುಣ್ಣನೆಯ ನೆತ್ತಿ ಅವರದೇ ಆಗಿತ್ತು. ಅದು ಯಾರ ವಾದಕ್ಕೂ ಅಡ್ಡಿಯಾಗಲಿಲ್ಲ.

2024ರ ಬೇಸಿಗೆಯಲ್ಲಿ ನಮ್ಮ ಕಡೆ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ಡ್ರೈವರಿಗೆ ಮದುವೆಯ ಬೀಗರಿಗಿಂತ ಹೆಚ್ಚು ಮರ್ಯಾದೆ ಸಿಗುತ್ತಿತ್ತು. ಜುಲೈನಲ್ಲಿ ಮಗಳಿಗೆ ಡೆಂಗಿ ಬಂತು. ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿದ ವರ್ಷ ಅದು. ಪ್ಲೇಟ್‌ಲೆಟ್ ಏರಿತು, ಜ್ವರ ಇಳಿಯಿತು, ಅವಳು ಮತ್ತೆ ಆಫೀಸಿಗೆ ಹೋದಳು, ನಾವು ಮರೆತೆವು. ದೀಪಾವಳಿ ಹತ್ತಿರ ಬಂದಾಗ ಕೂದಲು ಉದುರಲು ಶುರುವಾಯಿತು. ಬಾಚಣಿಗೆಯಲ್ಲಿ, ದಿಂಬಿನ ಮೇಲೆ, ಬಚ್ಚಲ ಜಾಲರಿಯಲ್ಲಿ, ಒಮ್ಮೆ ನನ್ನ ಚಪಾತಿಯಲ್ಲೂ. ಹೆಂಡತಿ ಟ್ಯಾಂಕರನ್ನು ಬೈದಳು. ಅಮ್ಮ ‘ತಲೆಗೆ ಎಣ್ಣೆ ಕಾಣಿಸದೆ ಎಷ್ಟು ವರ್ಷ ಆಯ್ತೋ’ ಎಂದು ಮೊಮ್ಮಗಳನ್ನು ಬಿಟ್ಟು ನನ್ನನ್ನು ಬೈದರು. ಎದುರು ಫ್ಲ್ಯಾಟಿನವರು ಷವರಿಗೆ ಸಿಕ್ಕಿಸುವ ಫಿಲ್ಟರ್ ತೋರಿಸಿದರು.

ಕೊನೆಗೆ ಮನೆಗೆ ಬಂದದ್ದು ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಎಣ್ಣೆ. ಮೊಣಕಾಲು ಮುಟ್ಟುವ ಕೂದಲು ಬಿಟ್ಟುಕೊಂಡು ಹಕ್ಕಿಪಿಕ್ಕಿ ಜನ ಮೊಬೈಲಿನಲ್ಲಿ ಮಾರುತ್ತಾರಲ್ಲ, ಅದೇ ಆದಿವಾಸಿ ಎಣ್ಣೆ. ಅವರ ಧೈರ್ಯದ ಬಗ್ಗೆ ನನಗೆ ಗೌರವವಿದೆ. 2023ರಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಗಿಡಮೂಲಿಕೆ ಮಾರಲು ಹೋಗಿದ್ದ ಹಕ್ಕಿಪಿಕ್ಕಿಗಳೂ ಇದ್ದರು. ಪೀಣ್ಯದಿಂದ ವೈಟ್‌ಫೀಲ್ಡಿಗೆ ಮನೆ ಬದಲಿಸಲು ಎರಡು ವರ್ಷ ಯೋಚಿಸಿದವನು ನಾನು. ಎಣ್ಣೆ ಕೂದಲಿಗೆ ಏನು ಮಾಡಿತೋ ಕಾಣೆ. ಅಜ್ಜಿ, ಮೊಮ್ಮಗಳು ಭಾನುವಾರ ಒಂದು ಗಂಟೆ ಜಗಳವಿಲ್ಲದೆ ಕೂರುವಂತಾಯಿತು.

ಚರ್ಮದ ಡಾಕ್ಟರು ಎಣ್ಣೆಯನ್ನೂ ಕೇಳಲಿಲ್ಲ, ನೀರನ್ನೂ ಕೇಳಲಿಲ್ಲ. ‘ಮೂರು ತಿಂಗಳ ಹಿಂದೆ ಏನಾಗಿತ್ತು?’ ಅಂದರು. ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲು. ಅವುಗಳಲ್ಲಿ ನೂರಕ್ಕೆ ಎಂಬತ್ತೈದು, ತೊಂಬತ್ತು ಬೆಳೆಯುತ್ತಿರುತ್ತವೆ, ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು. ಈ ಅನಾಜೆನ್ ಹಂತ ಎರಡರಿಂದ ಆರೇಳು ವರ್ಷ. ಆಮೇಲೆ ಎರಡು ಮೂರು ವಾರ ಬುಡ ಕುಗ್ಗುತ್ತದೆ. ಆಮೇಲೆ ಟೆಲೋಜೆನ್: ಕೂದಲು ಬೆಳೆಯದೆ, ಬೀಳದೆ ಸುಮ್ಮನೆ ಅಲ್ಲೇ ಇರುತ್ತದೆ, ಸುಮಾರು ಮೂರು ತಿಂಗಳು. ಕೊನೆಗೆ ಉದುರುತ್ತದೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಹೀಗೆ ಹೋಗುವುದು ಲೆಕ್ಕದೊಳಗಿನ ಮಾತು. ಜೋರು ಜ್ವರ, ಹೆರಿಗೆ, ಆಪರೇಷನ್ನು, ಊಟ ಬಿಟ್ಟು ತೂಕ ಇಳಿಸುವ ಹಟ, ಮನಸ್ಸಿಗೆ ಬಿದ್ದ ಪೆಟ್ಟು, ಇಂಥದ್ದೇನಾದರೂ ಆದರೆ ಬೆಳೆಯುತ್ತಿದ್ದ ಕೂದಲು ರಾಶಿ ರಾಶಿಯಾಗಿ ಒಟ್ಟಿಗೆ ಟೆಲೋಜೆನ್‌ಗೆ ಹೋಗುತ್ತವೆ.

‘ಅಪ್ಪಾ, ಇದು ನೋಟಿಸ್ ಪೀರಿಯಡ್ ಅಲ್ವಾ!’ ಅಂದಳು ಮಗಳು. ಅವಳೂ ಆಗ ರಾಜೀನಾಮೆ ಕೊಟ್ಟು ತೊಂಬತ್ತು ದಿನ ಎಣಿಸುತ್ತಿದ್ದಳು. ಕೊರಳಲ್ಲಿ ಬ್ಯಾಡ್ಜು ಇದೆ, ಕ್ಯಾಂಟೀನಿನಲ್ಲಿ ಊಟ ಇದೆ, ಕೆಲಸ ಮಾತ್ರ ಇಲ್ಲ; ನೋಡಿದವರಿಗೆ ಎಲ್ಲ ಮಾಮೂಲು. ಕೂದಲಿನ ರಾಜೀನಾಮೆ ಬಿದ್ದದ್ದು ಜುಲೈನ ಜ್ವರದಲ್ಲಿ, ಕುರ್ಚಿ ಖಾಲಿಯಾದದ್ದು ಅಕ್ಟೋಬರಿನಲ್ಲಿ. ಖಾಲಿಯಾದ ದಿನ ಗೇಟಿನ ಹತ್ತಿರ ಯಾರು ನಿಂತಿದ್ದರೋ ಅವರ ಮೇಲೆ ಅಪವಾದ. ನಮ್ಮ ಕಡೆ ಗೇಟಿನ ಹತ್ತಿರ ಸದಾ ನಿಂತಿರುವುದು ಟ್ಯಾಂಕರ್.

ನೀರಿನ ಪರವಾಗಿ ಎರಡು ಮಾತು ಹೇಳಲೇಬೇಕು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ನೊರೆ ಬರುವುದಿಲ್ಲ, ಕೂದಲು ಒರಟಾಗುತ್ತದೆ, ನಿಜ. ಕೊಯಮತ್ತೂರಿನ ವೈದ್ಯರು ಕೂದಲನ್ನು ಗಡಸು ನೀರಿನಲ್ಲೂ ಬಟ್ಟಿ ಇಳಿಸಿದ ನೀರಿನಲ್ಲೂ ನೆನೆಸಿ ಎಳೆದು ನೋಡಿ, ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು 2013ರಲ್ಲಿ ಬರೆದರು. ಆಮೇಲೆ ಪಾಕಿಸ್ತಾನದಲ್ಲಿ ಮಾಡಿದ ಪರೀಕ್ಷೆ ವ್ಯತ್ಯಾಸ ಇದೆ ಎಂದಿತು. ಆದರೆ ಎರಡು ಕಡೆಯೂ ನೀರು ಕುಡಿದದ್ದು ಕತ್ತರಿಸಿ ತಂದ ಕೂದಲು. ಬುಡ ಇರುವುದು ಚರ್ಮದೊಳಗೆ.

ನನ್ನ ತಲೆಯ ಕಥೆ ಬೇರೆ. ಅಲ್ಲಿ ಯಾರೂ ರಾಜೀನಾಮೆ ಕೊಟ್ಟಿಲ್ಲ. ವಂಶದಿಂದ ಬಂದ ಬೊಕ್ಕತಲೆಯಲ್ಲಿ ಡಿಎಚ್‌ಟಿ ಎಂಬ ಹಾರ್ಮೋನು ಪ್ರತಿ ಸುತ್ತಿನಲ್ಲೂ ಬೆಳವಣಿಗೆಯ ಕಾಲವನ್ನು ಕಡಿತ ಮಾಡುತ್ತ ಹೋಗುತ್ತದೆ. ಪೀಣ್ಯದಲ್ಲಿ ಕಣ್ಣಾರೆ ಕಂಡದ್ದೇ: ಮೊದಲು ಕಾಯಂ, ಆಮೇಲೆ ಗುತ್ತಿಗೆ, ಕೊನೆಗೆ ದಿನಗೂಲಿ. ಕೂದಲು ಸಣ್ಣಗಾಗಿ, ಬಣ್ಣಗೆಟ್ಟು, ಕಣ್ಣಿಗೆ ಬೀಳದಷ್ಟಾಗುತ್ತದೆ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬುವವರು 1942ರಲ್ಲೇ ಇದರ ಗುಟ್ಟು ಹಿಡಿದರು: ಹರೆಯಕ್ಕೆ ಮುಂಚೆ ಬೀಜ ತೆಗೆಸಿಕೊಂಡ ಗಂಡಸರಿಗೆ ತಲೆ ಬೋಳಾಗುವುದಿಲ್ಲ. ಆ ಉಪಾಯ ನಮ್ಮ ಶೆಡ್ಡಿನಲ್ಲಿ ಯಾರಿಗೂ ಒಪ್ಪಿಗೆಯಾಗಲಿಲ್ಲ. ಮಿನಾಕ್ಸಿಡಿಲ್ ಇದೆ, ರಕ್ತದೊತ್ತಡದ ಮಾತ್ರೆಯಾಗಿ ಹುಟ್ಟಿ, ನುಂಗಿದವರ ಮೈಮೇಲೆಲ್ಲ ಕೂದಲು ಬರಿಸಿ ಹೆಸರು ಮಾಡಿದ ಔಷಧ. ಹಚ್ಚುವುದು ನಿಲ್ಲಿಸಿದರೆ ಗಳಿಸಿದ್ದೂ ಹೋಗುತ್ತದೆ ಎಂದು ತಿಳಿದಾಗ, ಗೃಹಸಾಲದ ಕಂತು ಒಂದೇ ಸಾಕೆನಿಸಿ ಸುಮ್ಮನಾದೆ.

ಇದನ್ನೆಲ್ಲ ಮನೆಯಲ್ಲಿ ಹೇಳುತ್ತಿದ್ದಾಗ ಅಮ್ಮ ಎಣ್ಣೆ ಬಟ್ಟಲು ಹಿಡಿದು ಕೇಳುತ್ತಿದ್ದರು. ಶಿರಾ ಕಡೆಯ ನಮ್ಮೂರಲ್ಲಿ ಅವರ ಜಡೆಗೆ ಹೆಸರಿತ್ತು. ಉದುರಿದ ಎಳೆಗಳನ್ನು ಬೆರಳಿಗೆ ಸುತ್ತಿ ಹಿತ್ತಿಲ ಗೋಡೆಯ ಸಂದಿಗೆ ತುರುಕುತ್ತಿದ್ದರು. ಒಂದು ಪಾಲು ಚೌರಿಯಾಗಿ ಜಡೆಗೇ ವಾಪಸು ಬರುತ್ತಿತ್ತು. ಉಳಿದದ್ದಕ್ಕೆ ಪಿನ್ನು, ದಬ್ಬಳ ಕೊಡುವ ಹೆಂಗಸು ಬರುತ್ತಿದ್ದಳು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂಥ ಬಾಚಣಿಗೆ ಕೂದಲನ್ನು ಬಿಡಿಸಿ, ಹದಮಾಡಿ ವಿದೇಶಕ್ಕೆ ಕಳಿಸುವುದೇ ದೊಡ್ಡ ಉದ್ಯಮ. ಬಿದ್ದ ಕೂದಲಿಗೆ ಇರುವ ಬೆಲೆ ನಿಂತ ಕೂದಲಿಗಿಲ್ಲ.

‘ಮೂರು ತಿಂಗಳು ಅಂದ್ರಾ ಡಾಕ್ಟ್ರು?’ ಅಂದರು ಅಮ್ಮ. ‘ನಿಮ್ಮಪ್ಪ ಹೋದಾಗ ಒಂದೆಳೆನೂ ಉದುರಲಿಲ್ಲ ಕಣೋ. ತಿಥಿ ಆಯ್ತು, ನೆಂಟ್ರೆಲ್ಲ ಹೋದ್ರು, ರಾಗಿ ಕಣಕ್ಕೂ ಬಂತು. ಆಮೇಲೆ ಹಿಡಿ ಹಿಡಿ ಬಂತು. ನಿಮ್ಮತ್ತೆ, ಸೀಗೆಪುಡಿ ಬದಲಾಯಿಸು ಅಂದ್ಲು.’

ಸೀಗೆಪುಡಿ ಬದಲಾಯಿಸಿದ್ದರಂತೆ. ಕೂದಲು ಮತ್ತೆ ಬಂತಂತೆ, ಮೊದಲಿನಷ್ಟಲ್ಲ. ಅತ್ತೆ ಆ ಪುಡಿಯನ್ನು ಸಾಯುವ ತನಕ ಹೊಗಳಿದರು.

ಮಗಳದೂ ವಾಪಸು ಬಂತು. ಕೆಲವು ತಿಂಗಳಲ್ಲಿ ಹಣೆಯಂಚಿನಲ್ಲಿ ಗಿಡ್ಡ ಕೂದಲು, ಬಾಚಿದರೂ ಮಲಗದೆ, ನೆಟ್ಟಗೆ ನಿಂತವು. ಅಷ್ಟರಲ್ಲಿ ಕಾವೇರಿಯೂ ಬಂದಳು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು, ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಗಿತ್ತು. ನಮ್ಮ ಕಟ್ಟಡದ ಪೈಪಿಗೆ ತಲುಪಲು ಇನ್ನಷ್ಟು ಕಾಲ ಹಿಡಿಯಿತು. ನೀರು ಬಂದ ವಾರವೇ ಅಸೋಸಿಯೇಷನ್ ಕಾರ್ಯದರ್ಶಿ ಲಿಫ್ಟಿನಲ್ಲಿ ಮಗಳ ಹಣೆ ನೋಡಿ, ‘ನೋಡಿದ್ರಾ ಸಾರ್, ಕಾವೇರಿ ಪ್ರಭಾವ!’ ಎಂದರು. ನಾನು ಅನಾಜೆನ್, ಟೆಲೋಜೆನ್ ಎಂದು ಶುರುಮಾಡುವಷ್ಟರಲ್ಲಿ ನಾಲ್ಕನೇ ಮಹಡಿ ಬಂತು. ಮರುದಿನ ಅವಳ ಫೋಟೋ ಬೇಕೆಂದು ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರು, ಸಂಪರ್ಕದ ದುಡ್ಡು ಇನ್ನೂ ಕಟ್ಟದ ಫ್ಲ್ಯಾಟಿನವರಿಗೆ ತೋರಿಸಲು. ‘ನಿಮ್ಮ ಫೋಟೋ ಮಾತ್ರ ಗ್ರೂಪಿಗೆ ಹಾಕಬೇಡಿ’ ಎಂದು ಕೈಮುಗಿಯುವ ಚಿತ್ರವನ್ನೂ ಜೊತೆಗೇ ಕಳಿಸಿದ್ದರು.