ಕೃಷ್ಣೆಯ ತವರಿನಲ್ಲಿ ಕೆನೆ-ಹಣ್ಣು

ಸಾತಾರಾ ಜಿಲ್ಲೆಯ ವಾಯಿ ದಾಟಿ ಪಸರಣಿ ಘಾಟಿ ಹತ್ತಿದರೆ ಪಂಚಗಣಿ. ಅಲ್ಲಿಂದ ಮಹಾಬಳೇಶ್ವರದವರೆಗೆ ಚಳಿಗಾಲದಲ್ಲಿ ಎಲ್ಲಿ ನೋಡಿದರೂ ಸ್ಟ್ರಾಬೆರಿ ಮಡಿಗಳು. ನಮ್ಮ ಉತ್ತರ ಕರ್ನಾಟಕಕ್ಕೆ ನೀರುಣಿಸುವ ಕೃಷ್ಣೆ ಹುಟ್ಟುವುದೂ ಇಲ್ಲೇ, ಹಳೆ ಮಹಾಬಳೇಶ್ವರದಲ್ಲಿ. ಸುಮಾರು 1,350 ಮೀಟರ್ ಎತ್ತರದ ತಂಪು ಹವೆ, ಕೆಂಪು ಮಣ್ಣು ಈ ಹಣ್ಣಿಗೆ ಚೆನ್ನಾಗಿ ಒಗ್ಗಿವೆ. 2010ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಇಲ್ಲಿನ ಅಂಗಡಿಗಳಲ್ಲಿ ಗಾಜಿನ ಲೋಟದ ತುಂಬ ಹೆಚ್ಚಿದ ಹಣ್ಣು, ಅದರ ಮೇಲೆ ಕಡೆದ ಕೆನೆ ಹಾಕಿ ಕೊಡುತ್ತಾರೆ. ರುಚಿಯ ಗುಟ್ಟು ಹಣ್ಣಿನ ತಾಜಾತನ. ಸ್ಟ್ರಾಬೆರಿ ಬಾಳೆ, ಮಾವಿನಂತಲ್ಲ. ಕಿತ್ತ ಮೇಲೆ ಸಿಹಿಯಾಗಿ ಮಾಗುವುದಿಲ್ಲ, ಬೇಗನೆ ಕೊಳೆಯುತ್ತದೆ. ತೊಟ್ಟಿನವರೆಗೂ ಕೆಂಪಾದದ್ದನ್ನು ಆರಿಸಿ, ಊರಿಗೆ ಹೊರಡುವ ದಿನವೇ ಕೊಳ್ಳಿರಿ.

ಮನೆಯಲ್ಲಿ ನಾಲ್ವರಿಗೆ ಕಾಲು ಕಿಲೋ ಹಣ್ಣು, 200 ಮಿ.ಲೀ. ವಿಪ್ಪಿಂಗ್ ಕ್ರೀಮ್, ಮೂರು ಚಮಚ ಸಕ್ಕರೆ ಪುಡಿ ಸಾಕು. ಕ್ರೀಮ್, ಪಾತ್ರೆ, ಕಡೆಗೋಲು ಮೂರನ್ನೂ ಫ್ರಿಜ್ಜಿನಲ್ಲಿಡಿ. ತಂಪಿನಲ್ಲಿ ಕೊಬ್ಬಿನ ಕಣಗಳು ಗಟ್ಟಿಯಾಗಿ ಗಾಳಿಗುಳ್ಳೆಗಳನ್ನು ಹಿಡಿದಿಡುತ್ತವೆ. ಬೆಚ್ಚಗಾದರೆ ನೊರೆ ಕುಸಿಯುತ್ತದೆ. ಅತಿಯಾಗಿ ಕಡೆದರೆ ಬೆಣ್ಣೆಯೇ ಸಿಕ್ಕೀತು! ಸಕ್ಕರೆಯನ್ನು ಕೆನೆಗೆ ಸೇರಿಸಿ. ಹಣ್ಣಿನ ಮೇಲೆ ಮೊದಲೇ ಉದುರಿಸಿದರೆ ಅದು ರಸವನ್ನು ಹೊರಗೆಳೆದು ಎಲ್ಲವನ್ನೂ ನೀರಾಗಿಸುತ್ತದೆ. ಹಣ್ಣು, ಕೆನೆ ಬೆರೆಸುವುದು ಬಡಿಸುವ ಹೊತ್ತಿಗೆ ಮಾತ್ರ.

ಬಾಳೆ, ಚಿಕ್ಕೂ ಸೇರಿಸಬಹುದು. ಹಸಿ ಅನಾನಸ್ ಬೇಡ. ಅದರ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಬೇಯಿಸಿದರೆ ಆ ತೊಂದರೆಯಿಲ್ಲ.

ಕೃಷ್ಣೆ ತಾನಾಗಿಯೇ ನಮ್ಮತ್ತ ಹರಿದು ಬರುತ್ತಾಳೆ. ಅವಳ ತವರಿನ ಹಣ್ಣನ್ನು ಗಿಡದಿಂದ ಕಿತ್ತ ದಿನವೇ ಸವಿಯಬೇಕಾದರೆ ಮಾತ್ರ ನಾವೇ ಘಾಟಿ ಹತ್ತಬೇಕು.