ಏಳು ಬೀಜಗಳ ಪಾಠ

ಬಾಬಾ ಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಮಕ್ಕಾ ಯಾತ್ರೆ ಮುಗಿಸಿ ಮರಳುವಾಗ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣ ಪರ್ವತದ ಇಳಿಜಾರಿನಲ್ಲಿ ನೆಟ್ಟರೆಂಬುದು ಚಿಕ್ಕಮಗಳೂರು ಸೀಮೆಯ ಮಕ್ಕಳಿಗೂ ಗೊತ್ತಿರುವ ಐತಿಹ್ಯ. ಗುಟ್ಟಾಗಿ ಏಕೆ ತರಬೇಕಾಯಿತು? ಮೊಳೆಯಬಲ್ಲ ಒಂದು ಬೀಜವೂ ತಮ್ಮ ನಾಡಿನ ಗಡಿ ದಾಟದಂತೆ ಅರಬ್ಬರು ಕಾವಲಿದ್ದರಂತೆ. ಕಾಫಿಯ ಲಾಭವೆಲ್ಲ ಒಂದೇ ಕೈಯಲ್ಲಿ ಇರಬೇಕೆಂಬುದು ಅದರ ತಾತ್ಪರ್ಯ. ಐತಿಹ್ಯ ನಿಜವಾದರೆ, ಈ ನಾಡಿನ ಮೊದಲ ಕಾಫಿ ಗಿಡ ಏಕಸ್ವಾಮ್ಯದ ಬೇಲಿಯನ್ನು ಹಾರಿಯೇ ಬಂದದ್ದು. ಹೀಗೆ ಬಂದ ಗಿಡ ಮುಂದೆ ಅರ್ಧ ಶತಮಾನಕ್ಕೂ ಮಿಕ್ಕಿ ಇನ್ನೊಂದು ಏಕಸ್ವಾಮ್ಯದ ಬೇಲಿಯೊಳಗೆ ಬಾಳಬೇಕಾಯಿತೆಂಬುದು ವಿಧಿಯ ವಿನೋದ.

ಮಾರುಕಟ್ಟೆ, ಬಂಡವಾಳ, ಲಾಭ ಎಂಬ ಶಬ್ದಗಳು ಕಿವಿಗೆ ಬಿದ್ದೊಡನೆ ಮೂಗು ಮುರಿಯುವ ಸಜ್ಜನರು ನಮ್ಮಲ್ಲಿ ಬಹಳ. ಅವರ ಆಕ್ಷೇಪಣೆ ಹಗುರವಾದುದಲ್ಲ. ಮುಕ್ತ ಮಾರುಕಟ್ಟೆ ಬಲ್ಲಿದನನ್ನು ಮೆರೆಸುತ್ತದೆ, ಬಡವನನ್ನು ತುಳಿಯುತ್ತದೆ; ಆದ್ದರಿಂದ ಕೊಡುವ ಕೊಳ್ಳುವ ವ್ಯವಹಾರವನ್ನು ನಿಃಸ್ವಾರ್ಥಿಯಾದ ಸರ್ಕಾರದ ಕೈಗೊಪ್ಪಿಸುವುದೇ ಲೇಸು, ಎಂದು ಅವರ ವಾದ. ವಾದವನ್ನು ವಾದದಿಂದಲೇ ಗೆಲ್ಲಹೊರಟರೆ ಇರುಳೆಲ್ಲ ಸಾಲದು. ಅದಕ್ಕಿಂತ ಕಾಫಿಯ ಕಥೆಯನ್ನು ಕೇಳುವುದು ಮೇಲು.

1939ರಲ್ಲಿ ಯುದ್ಧ ಸಿಡಿದು ಯೂರೋಪಿನ ಪೇಟೆಗಳು ಮುಚ್ಚಿಹೋದಾಗ ನಮ್ಮ ಬೆಳೆಗಾರರಿಗೆ ದಿಕ್ಕು ತೋಚಲಿಲ್ಲ. ಅವರನ್ನು ಉಳಿಸಲೆಂದು 1942ರ ಕಾಯಿದೆ ಬಂದಿತು. ಮನೆಯ ಬಳಕೆಗೂ ಬಿತ್ತನೆಗೂ ಬೇಕಾದಷ್ಟನ್ನು ಬಿಟ್ಟು ಮಿಕ್ಕ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕು; ಮಾರುವವರು, ಬಂದ ಹಣವನ್ನು ಹಂಚುವವರು ಮಂಡಳಿಯವರೇ. ಆಪತ್ಕಾಲದಲ್ಲಿ ಇದು ಉಪಕಾರವೇ ಆಯಿತೆಂಬುದನ್ನು ಒಪ್ಪಲೇಬೇಕು. ಆದರೆ ಯುದ್ಧ 1945ರಲ್ಲಿ ಮುಗಿಯಿತು, ಕಟ್ಟಳೆ ಮುಗಿಯಲಿಲ್ಲ. ಜ್ವರಕ್ಕೆಂದು ಹೊದಿಸಿದ ಕಂಬಳಿಯನ್ನು ಜ್ವರ ಬಿಟ್ಟಮೇಲೂ ತೆಗೆಯಲು ಯಾರಿಗೂ ಮನಸ್ಸು ಬರಲಿಲ್ಲ.

ಆ ಕಾಲದ ಮಲೆನಾಡಿನ ಒಬ್ಬ ಸಣ್ಣ ಬೆಳೆಗಾರನನ್ನು ಓದುಗರು ಮನಸ್ಸಿಗೆ ತಂದುಕೊಳ್ಳಲಿ. ತೋಟ ಅವನದು, ಬೆವರು ಅವನ ಮನೆಯವರದು. ಹೂಮಳೆ ಸಕಾಲಕ್ಕೆ ಬಾರದಿದ್ದರೆ ನಷ್ಟ ಅವನದು; ಕಾಂಡಕೊರಕ ಹತ್ತಿದರೆ ಗಿಡ ಕೀಳುವ ಸಂಕಟವೂ ಅವನದೇ. ಇಷ್ಟಾಗಿ ಕಣದಲ್ಲಿ ಒಣಗಿದ ಬೀಜ ಮಾತ್ರ ಅವನದಲ್ಲ! ಹೆಚ್ಚಿನ ಬೆಲೆಗೆ ಕೇಳುವವರು ಬಾಗಿಲಿಗೇ ಬಂದು ನಿಂತರೂ ಕೊಡುವಂತಿಲ್ಲ, ಕೊಟ್ಟರೆ ಅಪರಾಧ. ಪೂಲಿಗೆ ಹಾಕಿದ ಕಾಫಿಗೆ ಪಾಯಿಂಟಿನ ಲೆಕ್ಕ. ಹಣವೋ ಕಂತುಕಂತಾಗಿ, ಈ ವರ್ಷದ ಬೆಳೆಯ ಕೊನೆಯ ಕಂತು ಮುಂದಿನ ಬೆಳೆಯ ಕಾಲ ಕಳೆದಮೇಲೂ ಬರಬಹುದು. ಮಗಳ ಮದುವೆಯ ಲಗ್ನ ಮಂಡಳಿಯ ಕಂತಿಗಾಗಿ ಕಾಯುವುದೇ? ಆತ ಬಡ್ಡಿಗೆ ಸಾಲ ತರುತ್ತಾನೆ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಯನ್ನು ಕಟ್ಟಿದವರು ಇಂಥವನನ್ನು ಕಂಡೇ ಕಟ್ಟಿರಬೇಕು.

ಇದರಲ್ಲಿ ಮಂಡಳಿಯ ಅಧಿಕಾರಿಗಳ ದುರುದ್ದೇಶವನ್ನು ಹುಡುಕುವುದು ಅನ್ಯಾಯ. ದೋಷ ವ್ಯಕ್ತಿಗಳದಲ್ಲ, ವ್ಯವಸ್ಥೆಯದು. ಬೆಲೆಯೆಂಬುದು ಬರಿಯ ದುಡ್ಡಿನ ಅಂಕಿಯಲ್ಲ, ಅದೊಂದು ಸುದ್ದಿ. ದೂರದ ಊರಿನ ಅಪರಿಚಿತನೊಬ್ಬನಿಗೆ ಎಂಥ ಬೀಜ ಇಷ್ಟವೆಂಬುದನ್ನು ತೋಟದವನಿಗೆ ಮುಟ್ಟಿಸುವ ಅಂಚೆ ಅದು. ಎಲ್ಲರ ಬೀಜವೂ ಒಂದೇ ರಾಶಿಗೆ ಬಿದ್ದಾಗ ಆ ಅಂಚೆ ದಾರಿಯಲ್ಲೇ ನಿಲ್ಲುತ್ತದೆ. ವರ್ಗೀಕರಣದ ಪಾಯಿಂಟು ಇತ್ತು, ನಿಜ; ಆದರೆ ತನ್ನ ತೋಟದ ಹೆಸರಿನಿಂದ, ತನ್ನ ಪರಿಮಳದ ಬಲದಿಂದ, ತಾನೇ ಗಿರಾಕಿಯನ್ನು ಹುಡುಕುವ ದಾರಿ ಬೆಳೆಗಾರನಿಗೆ ಇರಲಿಲ್ಲ.

1991ರಲ್ಲಿ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಒಡೆದುಹೋಯಿತು. ಅದೇ ವರ್ಷ ದೇಶದ ಆರ್ಥಿಕ ನೀತಿಯೂ ಹೊರಳಿತು. 1992ರಿಂದ ಬೇಲಿ ಸ್ವಲ್ಪಸ್ವಲ್ಪವಾಗಿ ಸಡಿಲಿ, 1996ರಲ್ಲಿ ಪೂರ್ಣವಾಗಿ ಬಿದ್ದಿತು. ನಡುವೆ, 1994ರಲ್ಲಿ, ಬ್ರೆಜಿಲಿನಲ್ಲಿ ಹಿಮ ಬಿದ್ದು ಲೋಕದಲ್ಲೆಲ್ಲ ಕಾಫಿಯ ಬೆಲೆ ಏರಿತು. ಆ ಏರಿಕೆಯ ಫಲ ಕಂತಿಗೆ ಕಾಯದೆ ಬೆಳೆಗಾರನ ಅಂಗಳಕ್ಕೇ ಬಂದಿತು. ಹೆಂಚು ಬದಲಾಯಿತು, ಸಾಲದ ಪತ್ರ ಹರಿಯಿತು, ಹೊಸ ಗಿಡ ಬಿದ್ದಿತು. ತೊಂಬತ್ತರ ದಶಕದ ಆರಂಭದಲ್ಲಿ ಎರಡು ಲಕ್ಷ ಟನ್ನಿನ ಒಳಗಿದ್ದ ದೇಶದ ಬೆಳೆ 2000-01ರಲ್ಲಿ ಮೂರು ಲಕ್ಷ ಟನ್ನನ್ನು ಮುಟ್ಟಿತು. ಎಲ್ಲವೂ ಸ್ವಾತಂತ್ರ್ಯದ ಪವಾಡವೆನ್ನುವುದು ಅತ್ಯುಕ್ತಿ; ಮಳೆಗೂ ಮಣ್ಣಿಗೂ ಅದರಲ್ಲಿ ಪಾಲುಂಟು. ಆದರೆ ಬೆವರಿಗೆ ಬೆಲೆ ಬಂದಾಗ ಬೆವರು ಸುರಿಸುವ ಮನಸ್ಸೂ ಬರುತ್ತದೆ.

ಇಲ್ಲಿ ಟೀಕಾಕಾರರು ಕೈಯೆತ್ತಿ ಕೇಳುವ ಪ್ರಶ್ನೆ ಒಂದುಂಟು. ಆಮೇಲೆ ಏನಾಯಿತು? ಕೇಳಬೇಕಾದ ಪ್ರಶ್ನೆಯೇ. 2000ದ ಆಚೆಗೆ ಜಗತ್ತಿನಲ್ಲಿ ಕಾಫಿ ಉಕ್ಕಿ ಹರಿಯಿತು, ವಿಯೆಟ್ನಾಮಿನ ತೋಟಗಳು ಫಲಕ್ಕೆ ಬಂದಿದ್ದವು, ಬೆಲೆ ಪಾತಾಳಕ್ಕಿಳಿಯಿತು. ಕೊಡಗಿನಲ್ಲೂ ಚಿಕ್ಕಮಗಳೂರಿನಲ್ಲೂ ಹಾಸನದಲ್ಲೂ ಅನೇಕ ಮನೆಗಳ ಒಲೆ ತಣ್ಣಗಾಯಿತು. ನಮ್ಮ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಮಿಕ್ಕಿ ಸಣ್ಣವರು. ಅವರ ಕಣ್ಣೀರನ್ನು ಮರೆಮಾಚಿ ಮಾರುಕಟ್ಟೆಗೆ ಆರತಿ ಎತ್ತುವುದು ಸಲ್ಲದು.

ಆದರೂ ಒಂದು ಮಾತನ್ನು ತೂಗಿ ನೋಡಬೇಕು. ಆ ಬೆಲೆ ಕುಸಿತ ಒಬ್ಬ ಅಧಿಕಾರಿಯ ಅಪ್ಪಣೆಯಿಂದ ಬಂದುದಲ್ಲ, ಅಪ್ಪಣೆಯಿಂದ ನಿಲ್ಲುವಂಥದೂ ಅಲ್ಲ. ರಫ್ತನ್ನೇ ನಂಬಿದ ಬೆಳೆಯನ್ನು ಪೂಲು ಎಷ್ಟು ಕಾಲ ಹಿಡಿದಿಡಬಲ್ಲದು? ಅದರ ಜೊತೆಗೆ, ಕೈ ಬಿಚ್ಚಿದ್ದ ಬೆಳೆಗಾರ ಸುಮ್ಮನೆ ಕೂಡಲಿಲ್ಲ. ಕಾಫಿ ಗಿಡಕ್ಕೆ ನೆರಳಾದ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ, ನಡುವೆ ಅಡಿಕೆ ಇಟ್ಟ, ಮನೆಯ ಒಂದು ಕೋಣೆಯನ್ನು ಪ್ರವಾಸಿಗೆ ಬಿಟ್ಟುಕೊಟ್ಟ. 2024ರಲ್ಲಿ ರೋಬಸ್ಟಾ ಬೆಲೆ ದಾಖಲೆಯ ಎತ್ತರಕ್ಕೆ ಏರಿದಾಗ, ಗಿಡ ಕೀಳದೆ ಕಾದವನಿಗೆ ಫಲ ನೇರವಾಗಿ ದಕ್ಕಿತು.

ಹಾಗಾದರೆ ಸರ್ಕಾರಕ್ಕೆ ಕೆಲಸವಿಲ್ಲವೇ? ಧಾರಾಳವಾಗಿ ಉಂಟು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಮೈಸೂರು ಸರ್ಕಾರ ಸ್ಥಾಪಿಸಿದ ಸಂಶೋಧನಾ ಕೇಂದ್ರ ರೋಗ ತಡೆಯುವ ತಳಿಗಳಿಗಾಗಿ ದುಡಿದದ್ದು ಒಬ್ಬೊಬ್ಬ ಬೆಳೆಗಾರನಿಂದ ಆಗುವಂಥದಲ್ಲ. ತೋಟದ ಕಾರ್ಮಿಕರ ವಸತಿಗೂ ಔಷಧಕ್ಕೂ 1951ರ ಕಾಯಿದೆ ಹೊಣೆ ಗೊತ್ತುಮಾಡಿದ್ದೂ ಉಚಿತವೇ; ತೋಟದೊಡೆಯನ ಸ್ವಾತಂತ್ರ್ಯ ಆಳಿನ ಹಸಿವಾಗಬಾರದು. ಆಟಕ್ಕೆ ತೀರ್ಪುಗಾರ ಬೇಕೇ ಬೇಕು. ತೀರ್ಪುಗಾರನೇ ಚೆಂಡನ್ನು ಬಗಲಿಗಿಟ್ಟುಕೊಂಡು ಹೊರಟರೆ ಮಾತ್ರ ಆಟವಿಲ್ಲ.

ಲಾಭಕ್ಕೆ ಹಾತೊರೆಯುವವನು ಸಂತನಲ್ಲ, ನಿಜ. ಆದರೆ ಮುಕ್ತ ಪೇಟೆಯಲ್ಲಿ ಅವನು ಇನ್ನೊಬ್ಬನಿಗೆ ಬೇಕಾದುದನ್ನು ಕೊಟ್ಟಲ್ಲದೆ ಪಡೆಯಲಾರ. ಬೇಡವೆನ್ನುವ ಹಕ್ಕು ಕೊಳ್ಳುವವನಿಗೂ ಉಂಟು, ಮಾರುವವನಿಗೂ ಉಂಟು. ಆ ‘ಬೇಡ’ ಎಂಬ ಎರಡಕ್ಷರದಲ್ಲಿ ಬಡವನ ಮಾನ ಅಡಗಿದೆ. ಐವತ್ತು ವರ್ಷ ಮಲೆನಾಡಿನ ಬೆಳೆಗಾರನಿಗೆ ಇಲ್ಲದೆ ಹೋದದ್ದು ಅದೇ. ನಾಳೆ ಬೆಳಗ್ಗೆ ಹಬೆಯಾಡುವ ಲೋಟವನ್ನು ಕೈಗೆತ್ತಿಕೊಳ್ಳುವವರು, ಏಳು ಬೀಜ ತಂದ ಆ ಸಂತರೊಡನೆ, ತನ್ನ ಬೀಜ ತನ್ನದೆನ್ನಲು ಅಷ್ಟು ಕಾಲ ಕಾದ ಆ ಬೆಳೆಗಾರನನ್ನೂ ಒಮ್ಮೆ ನೆನೆಯಲಿ.