ಗಂಜಿಯೂ ಸೂಜಿಯೂ

ಕಡಬ ತಾಲೂಕಿನ ಇಚಿಲಂಪಾಡಿಯಲ್ಲಿ ಮಧುಮೇಹಿಗೆ ಕುಚ್ಚಲಕ್ಕಿ ಗಂಜಿಯನ್ನು ಬಿಡೆಂದರೆ ಆತನು ಬಿಡಲಾರನು. ಬಿಡಬೇಕಾಗಿಯೂ ಇಲ್ಲ, ಅಳತೆಯರಿತು ಉಂಡರಾಯಿತು. ಇಂತಹ ತಿಳಿವಳಿಕೆಯನ್ನು ಹರಡುವ ಭಾರತೀಯ ಮಧುಮೇಹ ಸಂಘವು 1955ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. 2023ರಲ್ಲಿ ಪ್ರಕಟವಾದ ಗಣನೆಯಂತೆ ದೇಶದ ಮಧುಮೇಹಿಗಳು 10 ಕೋಟಿಗೂ ಮಿಕ್ಕಿರುವರು. ಸಂಘವೊಂದರಿಂದ ತೀರುವ ಕೆಲಸವೆ ಇದು?

ಎಳೆಯರನ್ನು ಹಿಡಿಯುವ ಮೊದಲನೆಯ ಬಗೆಯ ಮಧುಮೇಹದ ಮಾತೇ ಬೇರೆ. ಅಲ್ಲಿ ಇನ್ಸುಲಿನ್ ಇಲ್ಲದೆ ಜೀವವುಳಿಯದು. 1922ರ ಜನವರಿಯಲ್ಲಿ ಟೊರಾಂಟೋದ 14 ವರ್ಷದ ಬಾಲಕನೊಬ್ಬನಿಗೆ ಅದನ್ನು ಮೊದಲು ಚುಚ್ಚಿದರು. ಮರುವರ್ಷ ಬ್ಯಾಂಟಿಂಗನ ಜತೆಗಾರರು ಅದರ ಹಕ್ಕನ್ನು ತಲಾ ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಆ ಔದಾರ್ಯವೆಲ್ಲಿ, ಬಡ ಕೂಲಿಯವನು ತಿಂಗಳು ತಿಂಗಳು ಮದ್ದಿಗಾಗಿ ಪಡುವ ಪಾಡೆಲ್ಲಿ!

ಮಗಳಿಗೆ ಸೂಜಿಯೆಂದು ತಿಳಿದರೆ ಸಂಬಂಧ ಕೂಡದೆಂದು ಮದ್ದನ್ನೇ ಮುಚ್ಚಿಡುವ ಮನೆಗಳುಂಟು. ಮುಚ್ಚಿಟ್ಟ ಮದ್ದು ನೆಂಟರ ಮುಂದೆ ಹೊತ್ತಿಗೆ ಸರಿಯಾಗಿ ಹೊರಬರುವುದೆಂತು? ರೋಗಕ್ಕಿಂತ ಈ ನಾಚಿಕೆಯೇ ಹೆಚ್ಚು ಕೆಡುಕಿನದು.

ಬೇಸಿಗೆಯಲ್ಲಿ ಕರೆಂಟು ಹೋದಾಗ ಮಾತ್ರ ಹಳೆಯ ಮಣ್ಣಿನ ಮಡಕೆಯೇ ಗತಿ. ದೊಡ್ಡ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಒದ್ದೆ ಮರಳನ್ನು ತುಂಬಿ, ಸೀಸೆಯನ್ನು ಒಳಗಿರಿಸಿ ಮುಚ್ಚುವರು. ಸೆಕೆ ತಾಗದಿದ್ದರೆ ಬಳಕೆಗೆ ತೆರೆದ ಸೀಸೆಯು ಸುಮಾರು 28 ದಿನ ಬಾಳುವುದು.